ಹ್ಯಾಮ್‌ಸ್ಟರ್ ಓಡಿದರೆ ಕಂಪ್ಯೂಟರ್ ನಡೆದೀತೇ?

ಕಂಪ್ಯೂಟರ್ ನಿಧಾನವಾದರೆ, ಅದರೊಳಗೆ ಚಕ್ರ ತಿರುಗಿಸುತ್ತಿರುವ ಹ್ಯಾಮ್‌ಸ್ಟರಿಗೆ ಸುಸ್ತಾಗಿರಬೇಕು ಎನ್ನುವುದು ಐಟಿ ವಲಯದ ಹಳೆಯ ನಗೆಮಾತು. ಇಲಿಯ ಬಳಗಕ್ಕೆ ಸೇರಿದ, ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಳ್ಳುವ ಈ ಪುಟ್ಟ ಪ್ರಾಣಿ ಪಂಜರದ ಚಕ್ರದಲ್ಲಿ ರಾತ್ರಿ ಗಂಟೆಗಟ್ಟಲೆ ಓಡುವುದನ್ನು ಕಂಡವರಿಗೆ ಆ ಮಾತು ಹೊಳೆಯುವುದು ಸಹಜ. ನಗೆಮಾತು ನಗೆಮಾತಾಗಿಯೇ ಉಳಿದರೆ ಯಾರಿಗೂ ತಕರಾರಿಲ್ಲ. ಆದರೆ ಅದರ ಬೆನ್ನಿಗೇ ಒಂದು ನಂಬಿಕೆ ಅಂಟಿಕೊಂಡು ಬರುತ್ತದೆ. ಹೇಗೂ ಓಡುತ್ತಿದೆಯಲ್ಲ, ಚಕ್ರಕ್ಕೊಂದು ಡೈನಮೊ ಕಟ್ಟಿದರೆ ಕರೆಂಟು ಪುಕ್ಕಟೆ ಬಂದಂತಾಗಲಿಲ್ಲವೇ? ಒಂದು ಸಾಲದಿದ್ದರೆ ನೂರು, ನೂರು ಸಾಲದಿದ್ದರೆ ಸಾವಿರ. ಹನಿಗೂಡಿದರೆ ಹಳ್ಳವಾಗುವುದಿಲ್ಲವೇ? ಚೆನ್ನಾಗಿ ಓದಿಕೊಂಡವರೂ ಈ ವಾದವನ್ನು ಒಪ್ಪಿಕೊಂಡುಬಿಡುತ್ತಾರೆ. ಅವರ ಪ್ರಕಾರ ಯೋಜನೆಯ ತೊಂದರೆಯೆಲ್ಲ ಹ್ಯಾಮ್‌ಸ್ಟರ್ ಚಿಕ್ಕದು ಎಂಬಷ್ಟೇ. ತೊಂದರೆ ಇರುವುದು ಅಲ್ಲಲ್ಲ.

ಈ ನಂಬಿಕೆಯನ್ನು ಒಡೆಯುವ ಮೊದಲು ಅದರ ಪರವಾಗಿರುವ ಸಂಗತಿಗಳನ್ನು ನ್ಯಾಯವಾಗಿ ಹೇಳಬೇಕು. ಮನುಷ್ಯ ಸಾವಿರಾರು ವರ್ಷ ಬದುಕು ಕಟ್ಟಿದ್ದು ಸ್ನಾಯುಬಲದ ಮೇಲೆಯೇ. ಎತ್ತು ಗಾಣ ತಿರುಗಿಸಿತು, ಕಪಿಲೆ ಎಳೆದು ಬಾವಿಯ ನೀರನ್ನು ಗದ್ದೆಗೆ ಹಾಯಿಸಿತು. ರೋಮನ್ನರೂ ಮಧ್ಯಯುಗದ ಯುರೋಪಿಯನ್ನರೂ ಭಾರಿ ಚಕ್ರದೊಳಗೆ ಮನುಷ್ಯರನ್ನು ನಡೆಸಿ ಕಟ್ಟಡದ ಕಲ್ಲುಗಳನ್ನು ಮೇಲೆತ್ತಿದರು. ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಗೋಡೆಗೆ ಸಿಕ್ಕಿಸಿದ ಚಕ್ರದೊಳಗೆ ಗಿಡ್ಡಕಾಲಿನ ನಾಯಿಯೊಂದು ಓಡುತ್ತ ಬೆಂಕಿಯ ಮುಂದಿನ ಮಾಂಸದ ಸರಳನ್ನು ತಿರುಗಿಸುತ್ತಿತ್ತು. ಆ ಕೆಲಸಕ್ಕೆಂದೇ ಅಲ್ಲಿ ಒಂದು ತಳಿ ಬೆಳೆದಿತ್ತು. ಹಬೆಯಂತ್ರ ಮಾರಲು ಹೊರಟ ಜೇಮ್ಸ್ ವ್ಯಾಟ್ ತನ್ನ ಯಂತ್ರವನ್ನು ಅಳೆದು ತೋರಿಸಿದ್ದು ಕುದುರೆಯ ಲೆಕ್ಕದಲ್ಲಿ. ಇಂದಿಗೂ ಕೊಳವೆಬಾವಿಯ ಮೋಟಾರನ್ನು ರೈತ ಎಚ್‌ಪಿ ಲೆಕ್ಕದಲ್ಲೇ ಕೇಳಿ ಕೊಳ್ಳುತ್ತಾನೆ. ಹೀಗಿರುವಾಗ ಪ್ರಾಣಿಯ ಓಟದಿಂದ ಯಂತ್ರ ನಡೆಯಬಹುದು ಎಂದುಕೊಳ್ಳುವುದರಲ್ಲಿ ಮೂಢತನವೇನೂ ಇಲ್ಲ.

ಪ್ರಯೋಗಶಾಲೆಯ ಸಾಕ್ಷಿಯೂ ಇದೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಝಾಂಗ್ ಲಿನ್ ವಾಂಗ್ ಅವರ ತಂಡ 2009ರಲ್ಲಿ ಹ್ಯಾಮ್‌ಸ್ಟರಿಗೆ ಪುಟ್ಟ ಅಂಗಿ ತೊಡಿಸಿ, ಅದರ ಮೇಲೆ ಸತುವಿನ ಆಕ್ಸೈಡಿನ ಸೂಕ್ಷ್ಮ ತಂತಿಗಳನ್ನು ಕೂರಿಸಿ, ಅದು ಚಕ್ರದಲ್ಲಿ ಓಡಿದಾಗ ವಿದ್ಯುತ್ ಹುಟ್ಟುವುದನ್ನು ತೋರಿಸಿತು. ಸಿಕ್ಕಿದ್ದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು, ಅದೂ ನ್ಯಾನೊ ಆಂಪಿಯರಿಗಿಂತ ಕಡಿಮೆ ಕರೆಂಟಿನಲ್ಲಿ. ದೇಹದೊಳಗೆ ಅಳವಡಿಸುವ ಅತಿ ಸಣ್ಣ ಉಪಕರಣಗಳಿಗೆ ದೇಹದ ಚಲನೆಯಿಂದಲೇ ವಿದ್ಯುತ್ ದೊರಕಿಸುವ ದಾರಿಯನ್ನು ಆ ತಂಡ ಹುಡುಕುತ್ತಿತ್ತು. ಕಂಪ್ಯೂಟರ್ ನಡೆಸುತ್ತೇವೆ ಎಂದು ಅವರು ಎಲ್ಲೂ ಹೇಳಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ದಾಟುವಾಗ ಈ ಮಿತಿ ಮೊದಲು ಉದುರಿಹೋಗುತ್ತದೆ.

ಇನ್ನೊಂದು ವರದಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಂಗ್ಲೆಂಡಿನ ಶಾಲಾ ಹುಡುಗನೊಬ್ಬ ತನ್ನ ಹ್ಯಾಮ್‌ಸ್ಟರಿನ ಚಕ್ರಕ್ಕೆ ಜನರೇಟರ್ ಜೋಡಿಸಿ ಮೊಬೈಲ್ ಚಾರ್ಜ್ ಮಾಡಿದ ಸುದ್ದಿ ಹಿಂದೊಮ್ಮೆ ಅಲ್ಲಿನ ಪತ್ರಿಕೆಗಳಲ್ಲಿ ಬಂದಿತ್ತು. 2 ನಿಮಿಷದ ಓಟಕ್ಕೆ 30 ನಿಮಿಷದ ಮಾತು ಸಿಗುತ್ತದೆ ಎಂಬುದು ಅದರ ಸಾರ. ಹುಡುಗನ ಕೈಚಳಕ ಮೆಚ್ಚತಕ್ಕದ್ದೇ. ಆದರೆ ಆ ಅಂಕಿಯನ್ನು ಲೆಕ್ಕಕ್ಕೆ ಹಚ್ಚಿ ನೋಡಿ. ಆ ಕಾಲದ ಸಾದಾ ಫೋನ್ ಮಾತನಾಡುವಾಗ ಸುಮಾರು 0.7 ವ್ಯಾಟ್ ಬಳಸುತ್ತಿತ್ತು ಎಂದಿಟ್ಟುಕೊಂಡರೆ ಅರ್ಧ ಗಂಟೆಗೆ 1,260 ಜೂಲ್ ಬೇಕು. ಅದನ್ನು 120 ಸೆಕೆಂಡಿನಲ್ಲಿ ಕೊಡಲು ಹ್ಯಾಮ್‌ಸ್ಟರ್ 10 ವ್ಯಾಟಿಗೂ ಹೆಚ್ಚು ವಿದ್ಯುತ್ ಉತ್ಪಾದಿಸಬೇಕು. ಇದು ಸಾಧ್ಯವೋ ಅಲ್ಲವೋ ಎಂದು ತಿಳಿಯಲು ಪ್ರಾಣಿಯ ಮೈಯಲ್ಲಿ ಒಟ್ಟು ಎಷ್ಟು ಶಕ್ತಿ ಹರಿಯುತ್ತದೆ ಎಂಬುದು ಗೊತ್ತಿರಬೇಕು.

ಅದಕ್ಕೊಂದು ಒಳ್ಳೆಯ ಸೂತ್ರವಿದೆ. ಮ್ಯಾಕ್ಸ್ ಕ್ಲೈಬರ್ ಎಂಬ ಶರೀರವಿಜ್ಞಾನಿ 1932ರಲ್ಲಿ ಬೇರೆ ಬೇರೆ ಗಾತ್ರದ ಪ್ರಾಣಿಗಳನ್ನು ಹೋಲಿಸಿ, ಸುಮ್ಮನಿರುವಾಗ ದೇಹ ಬಳಸುವ ಶಕ್ತಿ ಅದರ ತೂಕದ ಮುಕ್ಕಾಲನೇ ಘಾತಕ್ಕೆ ಅನುಗುಣವಾಗಿರುತ್ತದೆ ಎಂದು ತೋರಿಸಿದ. 150 ಗ್ರಾಂ ತೂಗುವ ಹ್ಯಾಮ್‌ಸ್ಟರಿಗೆ ಈ ಸೂತ್ರ ಹೇಳುವುದು ಸುಮಾರು 0.8 ವ್ಯಾಟ್. ಉಸಿರುಗಟ್ಟಿ ಓಡುವಾಗ ಸಸ್ತನಿಗಳು ಸಾಮಾನ್ಯವಾಗಿ ಇದರ ಹತ್ತು ಪಟ್ಟಿನವರೆಗೆ ಏರಬಲ್ಲವು. ಅಂದರೆ 8 ವ್ಯಾಟ್. ಇದು ಹೃದಯ, ಶ್ವಾಸಕೋಶ, ಮೈಬಿಸಿ ಎಲ್ಲವೂ ಸೇರಿದ ಮೊತ್ತ. ಸ್ನಾಯು ತಾನು ಬಳಸಿದ ಶಕ್ತಿಯಲ್ಲಿ ಐದನೇ ಒಂದು ಭಾಗವನ್ನೋ ನಾಲ್ಕನೇ ಒಂದು ಭಾಗವನ್ನೋ ಮಾತ್ರ ಕೆಲಸವಾಗಿ ಬದಲಿಸುತ್ತದೆ, ಮಿಕ್ಕಿದ್ದು ಶಾಖ. ಹಾಗಾಗಿ 10 ವ್ಯಾಟಿನ ಮಾತು ಇಡೀ ಪ್ರಾಣಿಯನ್ನೇ ಮೀರುತ್ತದೆ.

ನಂಬಿಕೆಯ ಮೊದಲ ಗೋಜಲು ಇಲ್ಲೇ ಸಿಕ್ಕಿತು. ಹ್ಯಾಮ್‌ಸ್ಟರ್ ಶಕ್ತಿಯ ಮೂಲವಲ್ಲ, ಶಕ್ತಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಯಂತ್ರ. ಮೂಲ ಇರುವುದು ಅದು ತಿನ್ನುವ ಕಾಳಿನಲ್ಲಿ, ಕಾಳಿಗೆ ಅದು ಬಂದದ್ದು ಬಿಸಿಲಿನಿಂದ. ಹೊಳೆಯ ನೀರನ್ನು ಮೂಲ ಎನ್ನಬಹುದು, ಏಕೆಂದರೆ ಅದನ್ನು ಮೇಲಕ್ಕೆ ಏರಿಸಿ ಮಳೆಯಾಗಿ ಸುರಿಸುವ ಖರ್ಚನ್ನು ಸೂರ್ಯನೇ ಹೊತ್ತುಕೊಂಡಿದ್ದಾನೆ. ಸಾಕುಪ್ರಾಣಿಯ ಖರ್ಚು ಸಾಕಿದವನದು. ಆದ್ದರಿಂದ ಹ್ಯಾಮ್‌ಸ್ಟರ್ ಎಷ್ಟು ವಿದ್ಯುತ್ ಕೊಡುತ್ತದೆ ಎಂದಷ್ಟೇ ಕೇಳಿದರೆ ಪ್ರಶ್ನೆ ಅರ್ಧಕ್ಕೇ ನಿಂತಂತೆ. ಎಷ್ಟು ತಿಂದು ಎಷ್ಟು ಕೊಡುತ್ತದೆ ಎಂದು ಕೇಳಬೇಕು.

ಲೆಕ್ಕವನ್ನು ಹ್ಯಾಮ್‌ಸ್ಟರಿನ ಪರವಾಗಿಯೇ, ಧಾರಾಳವಾಗಿ ಹಾಕೋಣ. ಅದು ರಾತ್ರಿಗೆ 9 ಕಿ.ಮೀ. ಓಡುತ್ತದೆ ಎಂದಿರಲಿ. ಓಡುವಾಗಲೆಲ್ಲ ತನ್ನ ತೂಕದ ಮೂರನೇ ಒಂದು ಭಾಗದಷ್ಟು ಬಲವನ್ನು ಚಕ್ರದ ಮೇಲೆ ಹಾಕುತ್ತದೆ ಎಂದಿರಲಿ. ನಿಜವಾದ ಪಂಜರದಲ್ಲಿ ಇಷ್ಟು ಬಿಗಿಯಾದ ಚಕ್ರವನ್ನು ಅದು ಮುಟ್ಟುವುದೇ ಅನುಮಾನ. ಆಗ ಇಡೀ ರಾತ್ರಿಯ ಕೆಲಸ ಸುಮಾರು 4,400 ಜೂಲ್, ಅಂದರೆ 1.2 ವ್ಯಾಟ್-ಗಂಟೆ. ಇಷ್ಟು ಸಣ್ಣ, ನಿಧಾನವಾಗಿ ತಿರುಗುವ ಜನರೇಟರಿನಲ್ಲಿ ಅರ್ಧ ಕೈಗೆ ಬಂದರೆ ಅದೇ ಹೆಚ್ಚು. ಉಳಿದದ್ದು 0.6 ವ್ಯಾಟ್-ಗಂಟೆ. ಇಂದಿನ ಸ್ಮಾರ್ಟ್‌ಫೋನಿನ ಬ್ಯಾಟರಿ ಸುಮಾರು 15 ವ್ಯಾಟ್-ಗಂಟೆಯದು; ಅದನ್ನು ಒಮ್ಮೆ ತುಂಬಲು ಒಂದು ಹ್ಯಾಮ್‌ಸ್ಟರಿನ 25 ರಾತ್ರಿಗಳು ಹೋಗುತ್ತವೆ. 30 ವ್ಯಾಟಿನ ಲ್ಯಾಪ್‌ಟಾಪನ್ನು ದಿನಕ್ಕೆ 8 ಗಂಟೆ ನಡೆಸಲು 400 ಹ್ಯಾಮ್‌ಸ್ಟರ್ ಬೇಕು. ಇನ್ನು ತಿನ್ನುವ ಕಡೆ ನೋಡಿದರೆ, ದಿನಕ್ಕೆ 10 ಗ್ರಾಂ ಒಣ ಆಹಾರದಲ್ಲಿ ಸುಮಾರು 40 ಕಿಲೊಕ್ಯಾಲರಿ, ಅಂದರೆ 46 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಒಳಗೆ ಹೋದದ್ದು 46, ಹೊರಗೆ ಬಂದದ್ದು 0.6. ನೂರಕ್ಕೆ ಒಂದೂಕಾಲು ಭಾಗ.

ಈಗ ಸಾವಿರದ ಮಾತಿಗೆ ಬರೋಣ. ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಬಳಸುವ ಎನ್‌ವಿಡಿಯಾ ಕಂಪನಿಯ ಎಚ್100 ಚಿಪ್ ಗರಿಷ್ಠ 700 ವ್ಯಾಟ್ ಬೇಡುತ್ತದೆ. ಅಂಥ ಒಂದೇ ಒಂದು ಚಿಪ್ಪನ್ನು ದಿನವಿಡೀ ನಡೆಸಲು, ಮೇಲಿನ ಧಾರಾಳ ಲೆಕ್ಕದಲ್ಲೇ, 28,000 ಹ್ಯಾಮ್‌ಸ್ಟರ್ ಬೇಕು. ಅವುಗಳಿಗೆ ದಿನಕ್ಕೆ 280 ಕಿಲೊ ಕಾಳು. ಆ ಕಾಳಿನಲ್ಲಿರುವ ಶಕ್ತಿ 1,300 ಯೂನಿಟ್. ಚಿಪ್ಪಿಗೆ ತಲುಪುವುದು 17 ಯೂನಿಟ್ಟಿಗೂ ಕಡಿಮೆ. ಅದೇ ಕಾಳನ್ನು ಸುಮ್ಮನೆ ಉರಿಸಿ, ನೂರಕ್ಕೆ 30ರ ದಕ್ಷತೆಯ ಸಾಧಾರಣ ಉಷ್ಣಸ್ಥಾವರದಲ್ಲಿ ವಿದ್ಯುತ್ ತೆಗೆದಿದ್ದರೆ 390 ಯೂನಿಟ್ ಸಿಗುತ್ತಿತ್ತು. ತಿನ್ನುವ ಕಾಳನ್ನು ಉರಿಸುವುದು ತಪ್ಪು ಎಂಬುದು ಬೇರೆ ಮಾತು. ಇಷ್ಟರ ಮೇಲೆ, ಒಂದೊಂದು ಹ್ಯಾಮ್‌ಸ್ಟರೂ ಸರಾಸರಿ 2 ವ್ಯಾಟ್ ಶಾಖವನ್ನು ಹೊರಬಿಡುತ್ತಿರುತ್ತದೆ. 28,000ಕ್ಕೆ ಸೇರಿ 54 ಕಿಲೊವ್ಯಾಟ್. 700 ವ್ಯಾಟಿನ ಚಿಪ್ಪನ್ನು ತಂಪಾಗಿಡಲು ಹೆಣಗುವ ಡೇಟಾ ಸೆಂಟರು ಅದರ ಎಪ್ಪತ್ತಕ್ಕೂ ಹೆಚ್ಚು ಪಟ್ಟು ಮೈಬಿಸಿಯನ್ನು ಹೊರಹಾಕಬೇಕಾಗುತ್ತದೆ, ಆ ತಂಪು ಮಾಡುವ ಯಂತ್ರಕ್ಕೂ ವಿದ್ಯುತ್ ಬೇಕು.

ಹನಿಗೂಡಿದರೆ ಹಳ್ಳ ಎಂಬ ಗಾದೆ ನೀರಿಗೆ ಸರಿ, ಏಕೆಂದರೆ ಒಂದು ಹನಿ ಸೇರಿಸಲು ಇನ್ನೊಂದು ಬಿಂದಿಗೆ ಸುರಿಯಬೇಕಿಲ್ಲ. ಇಲ್ಲಿ ಸೇರುವ ಪ್ರತಿಯೊಂದು ಹ್ಯಾಮ್‌ಸ್ಟರೂ ತನ್ನ ಊಟದ ತಟ್ಟೆಯೊಂದಿಗೇ ಬರುತ್ತದೆ. ಸಂಖ್ಯೆ ಹೆಚ್ಚಿಸಿದರೆ ಗಳಿಕೆಯೂ ಖರ್ಚೂ ಒಂದೇ ಪ್ರಮಾಣದಲ್ಲಿ ಬೆಳೆಯುತ್ತವೆ, ಅನುಪಾತ ಮಾತ್ರ ಇದ್ದಲ್ಲೇ ಇರುತ್ತದೆ. ಪ್ರಾಣಿಯನ್ನು ದೊಡ್ಡದು ಮಾಡಿದರೂ ಅಷ್ಟೆ. ಹ್ಯಾಮ್‌ಸ್ಟರಿನ ಬದಲು ಆನೆ ಕಟ್ಟಿದರೂ ಸ್ನಾಯು ಸ್ನಾಯುವೇ. ನಾಲ್ಕನೇ ಒಂದು ಭಾಗದ ಗಡಿಯನ್ನು ಅದು ದಾಟುವುದಿಲ್ಲ, ಕೆಲಸವಿಲ್ಲದ ಹೊತ್ತಿನಲ್ಲೂ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಬಿಸಿಲಿನಿಂದಲೇ ಲೆಕ್ಕ ಹಿಡಿದರೆ ಅಂತರ ಇನ್ನೂ ಢಾಳಾಗಿ ಕಾಣುತ್ತದೆ. ಬಿದ್ದ ಬಿಸಿಲಿನಲ್ಲಿ ಬೆಳೆ ಹಿಡಿದಿಡುವುದು ನೂರಕ್ಕೆ ಒಂದರಷ್ಟು, ಅದರಲ್ಲಿ ಹ್ಯಾಮ್‌ಸ್ಟರ್ ವಿದ್ಯುತ್ತಾಗಿಸುವುದು ಮತ್ತೆ ನೂರಕ್ಕೆ ಒಂದೂಕಾಲು. ಅದೇ ಬಿಸಿಲನ್ನು ಸೌರಫಲಕ ನೂರಕ್ಕೆ 20ರಷ್ಟು ನೇರವಾಗಿ ವಿದ್ಯುತ್ತಾಗಿಸುತ್ತದೆ. ವ್ಯತ್ಯಾಸ ಸಾವಿರ ಪಟ್ಟಿಗೂ ಮೀರಿದ್ದು.

ಇದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೂರರಲ್ಲೂ ತಿರುಳಿದೆ, ಹಾಗಾಗಿ ಒಂದೊಂದಾಗಿ ತೂಗಿ ನೋಡಬೇಕು.

1. ಹ್ಯಾಮ್‌ಸ್ಟರ್ ಯಾರ ಬಲವಂತವೂ ಇಲ್ಲದೆ ತಾನಾಗಿ ಓಡುತ್ತದೆ. ಹೇಗೂ ವ್ಯರ್ಥವಾಗುವ ಶಕ್ತಿಯನ್ನು ಹಿಡಿದರೆ ಅದು ಪುಕ್ಕಟೆಯೇ ಅಲ್ಲವೇ? ಓಟ ಸ್ವಇಚ್ಛೆಯದು ಎಂಬುದು ನಿಜ. ನೆದರ್‌ಲ್ಯಾಂಡಿನ ಲೈಡನ್‌ನಲ್ಲಿ ಯೊಹಾನಾ ಮೈಯರ್ ಮತ್ತು ಯೂರಿ ರಾಬರ್ಸ್ ಬಯಲಿನಲ್ಲಿ ಚಕ್ರಗಳನ್ನಿಟ್ಟು ಕ್ಯಾಮೆರಾ ಹೂಡಿದಾಗ ಕಾಡಿನ ಇಲಿಗಳು ತಾವಾಗಿ ಬಂದು ಓಡಿದವು. ಕಪ್ಪೆಗಳೂ ಚಿಪ್ಪಿಲ್ಲದ ಬಸವನಹುಳುಗಳೂ ಹತ್ತಿ ನೋಡಿದವು. 2014ರಲ್ಲಿ ಪ್ರಕಟವಾದ ಈ ಅಧ್ಯಯನ, ಚಕ್ರದ ಓಟ ಕೇವಲ ಪಂಜರದ ಬೇಸರದಿಂದ ಹುಟ್ಟಿದ ಚಟವಲ್ಲ ಎಂದು ತೋರಿಸಿತು. ಆದರೆ ಅವು ಇಷ್ಟಪಟ್ಟದ್ದು ಹಗುರಾಗಿ ಉರುಳುವ ಚಕ್ರವನ್ನು. ಜನರೇಟರ್ ಜೋಡಿಸಿದ ಕೂಡಲೇ ಚಕ್ರ ಎದುರು ತಳ್ಳುತ್ತದೆ, ಏಕೆಂದರೆ ವಿದ್ಯುತ್ ಹುಟ್ಟುವುದೇ ಆ ಎದುರುಬಲವನ್ನು ಮೀರಿ ತಿರುಗಿಸಿದಾಗ. ಪ್ರಾಣಿ ಒಂದೋ ಹೆಚ್ಚು ತಿನ್ನಬೇಕು, ಇಲ್ಲವೇ ಕಡಿಮೆ ಓಡಬೇಕು. ಪುಕ್ಕಟೆಯ ಪಾಲು ಅಲ್ಲಿಗೆ ಮುಗಿಯಿತು.

2. ಕಾಳಿನ ಬದಲು ತರಕಾರಿ ಸಿಪ್ಪೆ, ಮಿಕ್ಕ ಸೊಪ್ಪು ಹಾಕಿದರೆ ಖರ್ಚಿಲ್ಲವಲ್ಲ? ಕಸವೂ ಇಂಧನವೇ, ಅದಕ್ಕೂ ಬೇರೆ ಉಪಯೋಗಗಳಿವೆ. ಅದೇ ಸಿಪ್ಪೆಯನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಹಾಕಿದರೆ ಸಿಗುವ ಅನಿಲ ಒಲೆಯನ್ನೂ ಉರಿಸುತ್ತದೆ, ಎಂಜಿನನ್ನೂ ನಡೆಸುತ್ತದೆ, ಕೊನೆಗೆ ಗೊಬ್ಬರವೂ ಉಳಿಯುತ್ತದೆ.

3. ಹಾಗಾದರೆ ಎತ್ತಿನ ಗಾಣ ಸುಳ್ಳೇ, ಕಪಿಲೆ ಸುಳ್ಳೇ? ಇದು ಮೂರರಲ್ಲಿ ಬಲವಾದ ಆಕ್ಷೇಪ, ಇದಕ್ಕೆ ಉತ್ತರ ಸ್ವಲ್ಪ ದೀರ್ಘವಾಗಿಯೇ ಬೇಕು.

ಎತ್ತು ಗೆದ್ದದ್ದು ದಕ್ಷತೆಯಿಂದಲ್ಲ. ಮನುಷ್ಯ ತಿನ್ನಲಾಗದ ಹುಲ್ಲನ್ನು ಅದು ತಿನ್ನುತ್ತದೆ, ಕೆಸರುಗದ್ದೆಯಲ್ಲಿ ರಸ್ತೆಯಿಲ್ಲದೆ ನಡೆಯುತ್ತದೆ, ಬದುವಿನ ಅಂಚಿನಲ್ಲಿ ಹೇಳದೆ ತಿರುಗುತ್ತದೆ, ಸಗಣಿ ಕೊಡುತ್ತದೆ, ಅದರ ಜಾಗಕ್ಕೆ ಬರುವ ಕರು ಮನೆಯ ಹಟ್ಟಿಯಲ್ಲೇ ಹುಟ್ಟುತ್ತದೆ. ಬೇಕಾದ ಕೆಲಸ ಚಲನೆಯೇ ಆಗಿದ್ದು, ಅದೂ ನಿಧಾನದ, ಆಯ್ದ ಜಾಗದ ಚಲನೆಯಾಗಿದ್ದಾಗ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗೆ, ದುಡಿಯುವ ಪ್ರಾಣಿಗಳ ಸಂಕಟ ತಗ್ಗಿಸುವುದಕ್ಕೆ ವರ್ಷಗಟ್ಟಲೆ ದುಡಿದದ್ದು ಈ ಅರಿವಿನಿಂದಲೇ, ಅವರ ವಾದ ಅದರ ನೆಲೆಯಲ್ಲಿ ಗಟ್ಟಿಯಾಗಿತ್ತು. ಪ್ರಾಣಿಯನ್ನು ಡೈನಮೊಗೆ ಕಟ್ಟಿದ ಗಳಿಗೆಯಲ್ಲಿ ಈ ಎಲ್ಲ ಅನುಕೂಲಗಳೂ ಹೋಗುತ್ತವೆ. ವಿದ್ಯುತ್ತಿಗೆ ಕೆಸರೂ ಗೊತ್ತಿಲ್ಲ, ಬದುವೂ ಗೊತ್ತಿಲ್ಲ. ಅದು ಕೇಳುವುದು ಏಕಸಮನಾದ, ನಿಲ್ಲದ ತಿರುಗುವಿಕೆಯನ್ನು ಮಾತ್ರ. ಸ್ನಾಯುವಿಗೆ ಅತ್ಯಂತ ಕಷ್ಟವಾದ ಕೆಲಸ ಅದೇ.

ಕರ್ನಾಟಕದಲ್ಲೇ ಇದಕ್ಕೊಂದು ತಿಳಿಯಾದ ಉದಾಹರಣೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಹುಟ್ಟುಹಾಕಿದ 'ಅಸ್ತ್ರ' ಕೇಂದ್ರದವರು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಮನೆಮನೆಯ ಶಕ್ತಿಬಳಕೆಯನ್ನು ಅಳೆದರು. ಸೌದೆಯದೇ ಸಿಂಹಪಾಲು, ಮನುಷ್ಯರ, ದನಗಳ ದುಡಿಮೆಯ ಪಾಲು ಅದರ ಮುಂದೆ ತೀರಾ ಸಣ್ಣದು. ಆ ಹಳ್ಳಿಗೆ ವಿದ್ಯುತ್ ಕೊಡಲು ಅವರು ದನಗಳನ್ನು ಚಕ್ರಕ್ಕೆ ಕಟ್ಟಲಿಲ್ಲ. 1980ರ ದಶಕದ ಕೊನೆಯಲ್ಲಿ ಅಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ನಡೆಯತೊಡಗಿತು. ಮನೆಗಳವರು ಸಗಣಿ ತಂದು ಹಾಕುತ್ತಿದ್ದರು, ಅನಿಲ ಹೊರಹೋದ ಮೇಲೆ ಉಳಿದ ಬಗ್ಗಡವನ್ನು ಗೊಬ್ಬರವಾಗಿ ಮರಳಿ ಒಯ್ಯುತ್ತಿದ್ದರು. ಅನಿಲವನ್ನು ಡೀಸೆಲ್ ಜೊತೆ ಬೆರೆಸಿ ಎಂಜಿನ್ ಓಡಿಸಿ, ಕೊಳವೆಬಾವಿಯಿಂದ ನಲ್ಲಿಗೆ ನೀರು, ಮನೆಗೆ ದೀಪ ಕೊಟ್ಟರು. ದನ ಅದೇ, ಮೇವೂ ಅದೇ. ಗಮನ ಕಾಲಿನಿಂದ ಸಗಣಿಗೆ ಹೊರಳಿತು, ಹಳ್ಳಿ ಬೆಳಗಿತು. ಪ್ರಾಣಿಯಿಂದ ವಿದ್ಯುತ್ ಪಡೆಯಲು ಬಯಸುವವರು ಮೊದಲು ಓದಬೇಕಾದದ್ದು ಪುರದ ಕಥೆಯನ್ನು.

ಹ್ಯಾಮ್‌ಸ್ಟರಿನ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು. ಇಂದು ಸಾಕುತ್ತಿರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳಲ್ಲಿ ಹೆಚ್ಚಿನವು, 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿವಿಜ್ಞಾನಿ ಸಿರಿಯಾದ ಅಲೆಪ್ಪೊ ಬಳಿ ಹೊಲದ ಬಿಲವೊಂದರಿಂದ ತೆಗೆಸಿದ ತಾಯಿ ಮರಿಗಳ ಸಂತತಿ. ಬೆಳೆದ ಮೇಲೆ ಅವು ಒಂಟಿಯಾಗಿ ಬಾಳುತ್ತವೆ. ಎರಡನ್ನು ಒಂದೇ ಪಂಜರದಲ್ಲಿಟ್ಟರೆ ಗಾಯವಾಗುವಂತೆ ಕಚ್ಚಾಡುತ್ತವೆ. ಹಗಲು ಮಲಗುತ್ತವೆ, ಚಳಿ ಹೆಚ್ಚಾದರೆ ದಿನಗಟ್ಟಲೆ ಮರಗಟ್ಟಿದ ನಿದ್ದೆಗೆ ಜಾರುತ್ತವೆ, ಎರಡು ಮೂರು ವರ್ಷ ಬದುಕುತ್ತವೆ. ಒಂದೊಂದಕ್ಕೂ ಬೇರೆ ಗೂಡು, ನೀರು, ಹಾಸು, ಆರೈಕೆ ಬೇಕು. ಲೆಕ್ಕ ಒಂದು ವೇಳೆ ಕೂಡಿಬಂದಿದ್ದರೂ ಸಾವಿರಾರು ಜೀವಗಳನ್ನು ಹಾಗೆ ಕೂಡಿಹಾಕುವುದು ಕ್ರೌರ್ಯವೇ ಆಗುತ್ತಿತ್ತು.

ಸ್ನಾಯುವಿನಿಂದ ಹೆಚ್ಚು ಹಿಂಡಲಾಗದಿದ್ದರೆ ಕಂಪ್ಯೂಟರಿನ ಹಸಿವನ್ನೇ ತಗ್ಗಿಸಬಹುದಲ್ಲ ಎಂಬುದು ಇದಕ್ಕಿಂತ ಫಲವತ್ತಾದ ಪ್ರಶ್ನೆ. 2005ರ ನವೆಂಬರಿನಲ್ಲಿ ಟ್ಯೂನಿಸ್ ನಗರದಲ್ಲಿ ನಿಕೊಲಸ್ ನೆಗ್ರೊಪಾಂಟೆ ಬಡ ದೇಶಗಳ ಮಕ್ಕಳಿಗೆಂದು ಅಗ್ಗದ ಲ್ಯಾಪ್‌ಟಾಪಿನ ಮಾದರಿ ತೋರಿಸಿದಾಗ ಅದರ ಬದಿಯಲ್ಲಿ ಕೈಯಿಂದ ತಿರುಗಿಸುವ ಹಿಡಿಕೆ ಇತ್ತು. ಅದೇ ಯೋಜನೆಯಿಂದ ಮುಂದೆ ಮಕ್ಕಳ ಕೈಗೆ ಹೋದ ಎಕ್ಸ್‌ಒ ಲ್ಯಾಪ್‌ಟಾಪಿನ ಮೈಮೇಲೆ ಆ ಹಿಡಿಕೆ ಇರಲಿಲ್ಲ. ಉಳಿದದ್ದು ಇನ್ನೊಂದು ಸಾಧನೆ: ಬಿಸಿಲಿನಲ್ಲೂ ಓದಬಹುದಾದ ಪರದೆ, ಕೆಲವೇ ವ್ಯಾಟಿನಲ್ಲಿ ನಡೆಯುವ ಯಂತ್ರ. ಕೇಂಬ್ರಿಜ್ ವಿಶ್ವವಿದ್ಯಾಲಯದ ಪಾವ್ಲೊ ಬೊಂಬೆಲ್ಲಿ, ಕ್ರಿಸ್ಟಫರ್ ಹೌ ಮತ್ತು ಸಂಗಡಿಗರು 2022ರಲ್ಲಿ ಇನ್ನೂ ಮುಂದಕ್ಕೆ ಹೋದರು. ಟಾರ್ಚಿನ ಎಎ ಸೆಲ್ಲಿನಷ್ಟು ದೊಡ್ಡ ಡಬ್ಬಿಯೊಳಗೆ ನೀಲಿ-ಹಸಿರು ಪಾಚಿ, ಅದಕ್ಕೊಂದು ಅಲ್ಯುಮಿನಿಯಂ ವಿದ್ಯುದ್ವಾರ. ಅಷ್ಟರಿಂದಲೇ ಆರ್ಮ್ ಕಂಪನಿಯ ಪುಟ್ಟ ಪ್ರೊಸೆಸರ್ ಆರು ತಿಂಗಳಿಗೂ ಹೆಚ್ಚು ಕಾಲ ಕೂಡುವ ಲೆಕ್ಕ ಮಾಡಿತು. 45 ನಿಮಿಷ ಕೆಲಸ, 15 ನಿಮಿಷ ವಿರಾಮ, ಬಳಕೆ ಒಂದು ಮೈಕ್ರೊವ್ಯಾಟಿಗೂ ಕಡಿಮೆ. ಜೀವಿಯಿಂದ ಕಂಪ್ಯೂಟರ್ ನಡೆಸುವುದು ಹೀಗೆ ನಿಜವೇ ಆಯಿತು. ಪಾಚಿ ನೇರವಾಗಿ ಬೆಳಕನ್ನೇ ಉಣ್ಣುತ್ತದೆ ಎಂಬುದು ಅದಕ್ಕೆ ಒಂದು ಕಾರಣ, ಪ್ರೊಸೆಸರಿನ ಹಸಿವು ಅಷ್ಟು ಸಣ್ಣದು ಎಂಬುದು ಇನ್ನೊಂದು.

ಆದರೆ ಜಗತ್ತಿನ ಕಂಪ್ಯೂಟರುಗಳ ಒಟ್ಟು ಹಸಿವು ಕುಗ್ಗುತ್ತಿಲ್ಲ. ಒಂದೊಂದು ಲೆಕ್ಕಕ್ಕೆ ಬೇಕಾದ ವಿದ್ಯುತ್ ಇಳಿದಷ್ಟೂ ಮಾಡಿಸುವ ಲೆಕ್ಕಗಳು ಏರುತ್ತಿವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಡೇಟಾ ಸೆಂಟರುಗಳು ಬಳಸಿದ್ದು 41,500 ಕೋಟಿ ಯೂನಿಟ್, ಜಗತ್ತಿನ ವಿದ್ಯುತ್ ಬಳಕೆಯಲ್ಲಿ ನೂರಕ್ಕೆ ಒಂದೂವರೆ ಭಾಗ. ಈ ಗಾತ್ರದ ಬೇಡಿಕೆಗೆ ಉತ್ತರ ಇರುವುದು ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನದಂಥ ಕಡೆ, ಗಾಳಿಯಲ್ಲಿ, ನೀರಿನಲ್ಲಿ, ಜೊತೆಗೆ ಯಾವ ಲೆಕ್ಕ ನಿಜವಾಗಿಯೂ ಬೇಕು ಎಂಬ ವಿವೇಚನೆಯಲ್ಲಿ.

ಹ್ಯಾಮ್‌ಸ್ಟರಿನ ವಾದವನ್ನು ಇಷ್ಟು ಬಿಡಿಸಿ ನೋಡಬೇಕಾದದ್ದೇಕೆಂದರೆ ಅದೇ ಗೋಜಲು ಗಂಭೀರ ವೇಷದಲ್ಲಿ ನಮ್ಮ ನಡುವೆ ಓಡಾಡುತ್ತಿದೆ. ಜಿಮ್ಮಿನ ಸೈಕಲಿನಿಂದ ಕಟ್ಟಡಕ್ಕೆ ವಿದ್ಯುತ್ ಎನ್ನುತ್ತಾರೆ. ಒಬ್ಬರು ಒಂದು ಗಂಟೆ ಬೆವರಿಳಿಸಿ 100 ವ್ಯಾಟ್ ತುಳಿದರೆ ಹುಟ್ಟುವುದು ಯೂನಿಟ್ಟಿನ ಹತ್ತನೇ ಒಂದು ಭಾಗ. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ 60 ಪೈಸೆ. ವ್ಯಾಯಾಮ ಒಳ್ಳೆಯದು, ಅದನ್ನು ವಿದ್ಯುತ್ ಯೋಜನೆ ಎಂದು ಕರೆಯುವುದು ತಪ್ಪು. ರಸ್ತೆಯ ಉಬ್ಬಿನ ಮೇಲೆ ವಾಹನ ಹಾದಾಗ ವಿದ್ಯುತ್ ತೆಗೆಯುವ ಮಾದರಿ ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. 1,000 ಕಿಲೊ ತೂಕದ ಕಾರು ಉಬ್ಬನ್ನು 10 ಸೆಂಟಿಮೀಟರ್ ಒತ್ತಿದರೆ ಸಿಗುವುದು ಹೆಚ್ಚೆಂದರೆ 980 ಜೂಲ್, ಅದೂ ಬಂದದ್ದು ಆ ಕಾರಿನ ಪೆಟ್ರೋಲಿನಿಂದ. ಇಳಿಜಾರಿನಲ್ಲಿ ಹೇಗೂ ಬ್ರೇಕ್ ಹಾಕಬೇಕಾದ ಜಾಗವಾದರೆ ಮಾತು ಬೇರೆ. ಸಮತಟ್ಟಾದ ರಸ್ತೆಯಲ್ಲಿ ಅದು ಪ್ರತಿ ಚಾಲಕನ ಟ್ಯಾಂಕಿನಿಂದ ತೆಗೆದದ್ದು.

ಇಂಥ ಮಾದರಿಗಳನ್ನು ಮಕ್ಕಳು ಮಾಡಲೇಬಾರದು ಎಂದಲ್ಲ. ಡೈನಮೊ ಸುತ್ತಿ ದೀಪ ಹೊತ್ತಿಸಿದ ಮಗುವಿಗೆ ಆಗುವ ಸಂತೋಷ ದೊಡ್ಡದು, ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಮಾದರಿಯ ಪಕ್ಕದ ಚಾರ್ಟಿನಲ್ಲಿ ಎರಡು ಅಂಕಿಗಳನ್ನು ಬರೆಯುವುದು ಕಡ್ಡಾಯವಾಗಲಿ: ಒಳಗೆ ಹೋದ ಜೂಲ್ ಎಷ್ಟು, ಎಲ್ಲಿಂದ ಬಂತು, ಹೊರಗೆ ಬಂದ ಜೂಲ್ ಎಷ್ಟು. ಅಳೆಯಲು ಬೇಕಾದ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಹುಮಾನ ಕೊಡುವ ತೀರ್ಪುಗಾರರು ದೀಪ ಎಷ್ಟು ಚೆನ್ನಾಗಿ ಉರಿಯಿತು ಎಂಬುದಕ್ಕಿಂತ ಆ ಎರಡು ಅಂಕಿಗಳನ್ನು ಮಗು ಎಷ್ಟು ಪ್ರಾಮಾಣಿಕವಾಗಿ ಬರೆದಿದೆ, ಎಷ್ಟು ಅರ್ಥಮಾಡಿಕೊಂಡಿದೆ ಎಂಬುದಕ್ಕೆ ಅಂಕ ಕೊಡಲಿ.